ಫ್ಯಾಂಟಸಿ ಸ್ಟಾರ್ ಕಾಪಿ ಅಲ್ಲ, ಡೇಟ್ ನೋಡಿ
ಫ್ಯಾಂಟಸಿ ಸ್ಟಾರ್ ಅನ್ನೋ ವಿಡಿಯೋ ಗೇಮ್ ಅಂದ್ರೆ ಫೈನಲ್ ಫ್ಯಾಂಟಸಿ ಅನ್ನೋ ಇನ್ನೊಂದು ಗೇಮ್ ನೋಡಿ ಜಪಾನಿನ ಗೇಮ್ ಕಂಪನಿ ಸೆಗಾದವ್ರು ಮಾಡಿದ ಕಾಪಿ ಅನ್ನೋ ಮಾತು ಓಡಾಡ್ತಿದೆ, ಅದು ತಪ್ಪು. ಜಪಾನ್‌ನಲ್ಲಿ ಫೈನಲ್ ಫ್ಯಾಂಟಸಿ ಬಂದಿದ್ದು 1987ರ ಡಿಸೆಂಬರ್ 18ಕ್ಕೆ, ಫ್ಯಾಂಟಸಿ ಸ್ಟಾರ್ ಬಂದಿದ್ದು ಅದೇ ತಿಂಗಳ 20ಕ್ಕೆ. ಎರಡೇ ದಿನದಲ್ಲಿ ಕಾಪಿ ಹೊಡೆದು ಒಂದಿಡೀ ಗೇಮ್ ಮಾಡೋಕಾಗತ್ತಾ ಹೇಳಿ! ಕತ್ತಿ, ಮಂತ್ರದ ಜೊತೆಗೆ ಸ್ಪೇಸ್‌ಶಿಪ್ಪು, ಸುತ್ತಾಡೋಕೆ ಮೂರು ಗ್ರಹ, ಅಣ್ಣನ್ನ ಕೊಂದವ್ರ ಮೇಲೆ ಸೇಡು ತೀರಿಸ್ಕೊಳ್ಳೋಕೆ ಹೊರಟ ಅಲಿಸಾ ಅನ್ನೋ ಹುಡುಗೀನೇ ಇಲ್ಲಿ ನಾಯಕಿ, ಇನ್ನು ಡಂಜನ್, ಅಂದ್ರೆ ಗುಹೆಯಂಥ ಸುತ್ತುದಾರಿಗಳ ಒಳಗೆ ಹೋದ್ರಂತೂ ನಾವೇ ನಡೀತಿದೀವೇನೋ ಅನ್ನೋ ಥರ ಗೋಡೆಗಳು ನುಣ್ಣಗೆ ಸರೀತಾ ಎದುರು ಬರ್ತವೆ, ಅದೂ ಆ ಕಾಲದ ಕಡಿಮೆ ಶಕ್ತಿಯ 8 ಬಿಟ್ ಗೇಮ್ ಮಷೀನ್‌ನಲ್ಲಿ. ಇದಕ್ಕೆ ಚಿತ್ರ ಬಿಡಿಸಿದವರಲ್ಲಿ ಮುಖ್ಯವಾದವ್ರು ರಿಯೆಕೊ ಕೊಡಾಮಾ, 1993ರ ನಾಲ್ಕನೇ ಭಾಗಕ್ಕೆ ಅವ್ರದ್ದೇ ನಿರ್ದೇಶನ.