ಪೊಳ್ಳಾಗ್ಯದೆ ಸಾರ್!

ಮಲೆನಾಡಲ್ಲಿ ಹಳೇ ತೊಟ್ಟಿಮನೆ ಇದೆ ಅಂದ ತಕ್ಷಣ ಬೆಂಗಳೂರಿನ ಫ್ರೆಂಡ್ಸೆಲ್ಲ 'ಹೋಮ್‌ಸ್ಟೇ ಮಾಡೋ' ಅಂತಾರಲ್ಲ, ಅವ್ರನ್ನ ಜುಲೈನಲ್ಲಿ ಒಂದ್ಸಲ ನಮ್ಮ ನಡುಮನೇಲಿ ಮಲಗಿಸ್ಬೇಕು. ಹಂಚೇನೋ ಮಂಗಳೂರಿನದೇ, 1865ರಲ್ಲಿ ಬಾಸೆಲ್ ಮಿಷನ್ನವರು ಶುರು ಮಾಡಿದ ಘನ ಪರಂಪರೆದು, ಆದ್ರೆ ಒಡೆದ ಹಂಚಿಗೆ ಪರಂಪರೆ ಗೊತ್ತಿರಲ್ಲ, ಸರಿಯಾಗಿ ಮೂಗಿನ ಮೇಲೇ ಸೋರತ್ತೆ.

ಈಗಿನ ತಲೆನೋವು ಗೋಡೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಇತ್ತು, ಚಿಕ್ಕಪ್ಪ ಯಾವಾಗ್ಲೋ 'ಗಟ್ಟಿಯಾಗ್ಲಿ' ಅಂತ ಸಿಮೆಂಟ್ ಬಳಿಸಿ ಆಯಿಲ್ ಪೇಂಟೂ ಹೊಡೆಸಿದ್ರು. ನೆಲದಿಂದ ಏರಿದ ತೇವ ಸುಣ್ಣದಲ್ಲಾದ್ರೆ ಆರಿ ಹೋಗತ್ತೆ, ಸಿಮೆಂಟ್ ಬಿಡಲ್ಲ, ಒಳಗೇ ಕೂತು ಮಣ್ಣನ್ನ ಮೆತ್ತಗೆ ಮಾಡ್ತಾ ಇರತ್ತೆ. ಹೊರಗೆ ಪಿಸ್ತಾ ಕಲರ್, ಒಳಗೆ ಪುಡಿ.

ನೋಡೋಕೆ ಬಂದ ಮೇಸ್ತ್ರಿಗೊಂದು ಚಾಳಿ. ಗೋಡೆ ಕಂಡ್ರೆ ಬೆರಳ ಗೆಣ್ಣಲ್ಲಿ ಟಕ್ ಟಕ್ ತಟ್ಟಿ, ಕಿವಿ ಇಟ್ಟು, ಕಣ್ಮುಚ್ಚಿ, ನಾಡಿ ನೋಡೋ ಪಂಡಿತರ ಥರ ಸುಮ್ನಿದ್ದು 'ಪೊಳ್ಳಾಗ್ಯದೆ ಸಾರ್' ಅಂತಾರೆ. ಅಷ್ಟರಲ್ಲಿ ಅಂಗೈ ಅಗಲದ ಪ್ಲಾಸ್ಟರ್ ದೊಪ್. 'ನೋಡಿ, ಹೇಳ್ಲಿಲ್ವಾ?' ಪಕ್ಕದಲ್ಲಿ ಟಕ್ ಟಕ್. ದೊಪ್. ಜಗಲಿಯಿಂದ ದೇವರ ಕೋಣೆವರೆಗೂ ಇದೇ. ಅಲ್ಲ ಮಾರಾಯ್ರೆ, ಪೊಳ್ಳು ಅಂತ ನಂಗೂ ಗೊತ್ತು, ಗೊತ್ತಿದ್ದಕ್ಕೇ ತಾನೆ ಕರೆಸಿದ್ದು! ಟೀ ಕೊಟ್ರೆ ಒಂದು ಕೈಲಿ ಲೋಟ, ಇನ್ನೊಂದ್ರಲ್ಲಿ ಟಕ್ ಟಕ್. ಅಮ್ಮ ಗಾಬರಿಯಾಗಿ ಗಡಿಯಾರ, ಫೋಟೋ ಎಲ್ಲ ಇಳಿಸಿ ಮಂಚದ ಮೇಲೆ ಹರಡ್ಕೊಂಡು ಕಾವಲು ಕೂತ್ರು. ಹಲಸಿನ ಕಂಬಾನೂ ತಟ್ಟಿದ್ರು, ಏನೂ ಬೀಳ್ಲಿಲ್ಲ, ಮೇಸ್ತ್ರಿ ಮುಖ ಸಪ್ಪೆ.

ಪರಿಹಾರ ಏನಪ್ಪಾ ಅಂದ್ರೆ 'ಎಲ್ಲಾ ಕೆತ್ತಿ ಸಿಮೆಂಟ್ ಬಳಿಯಣ, ಕೆಳಗೆ ವಿಟ್ರಿಫೈಡ್ ಟೈಲ್ಸ್'. ಆ ಕೆಂಪು ರೆಡ್ ಆಕ್ಸೈಡ್ ನೆಲಕ್ಕೂ! ಸುಣ್ಣವೇ ಬೇಕು ಅಂದೆ. ಸುಣ್ಣ ನೆನೆಸಿ ಕಾಯ್ಬೇಕು, ಬೆಲ್ಲ, ಅಳಲೆಕಾಯಿ ನೀರು ಸೇರಿಸ್ಬೇಕು, ಬಳಿದ್ಮೇಲೂ ಅದು ಗಾಳಿ ಕುಡೀತಾ ನಿಧಾನಕ್ಕೇ ಗಟ್ಟಿಯಾಗೋದು. 'ಗೋಡೆಗೆ ಬೆಲ್ಲನಾ? ಇರುವೆ ಬರಲ್ವಾ ಸಾರ್?' ಬೆಲ್ಲದ ರೇಟು ನೋಡಿದ್ರೆ ನಂಗೂ ಹೋಳಿಗೇನೇ ಮೇಲು ಅನ್ಸತ್ತೆ.

ಅಡಿಕೆ ಕೋಣೆಗೆ ಮಾತ್ರ ಸಿಮೆಂಟ್ ಮುಟ್ಟಿರ್ಲಿಲ್ಲ. ಬಾಗಿಲ ಹಿಂದೆ ಪೇಂಟ್ ಸಿಪ್ಪೆ ಎದ್ದಲ್ಲಿ ಪೆನ್ಸಿಲ್ ಗೀಟು ಕಾಣಿಸ್ತು. ಅಜ್ಜನ ಲೆಕ್ಕ. ಅಡಿಕೆ ಇಷ್ಟು ಮಣ, ಕೊನೆ ಕೊಯ್ದ ಕೂಲಿ ಇಷ್ಟು, ಮೇಲಿನಮನೆಗೆ ಕೈಗಡ 40 ರೂಪಾಯಿ, ಬಾಕಿ. ಅಜ್ಜನ ಕೈಬರಹ ನಾನು ನೋಡಿದ್ದೇ ಮೊದಲು, 'ಬಾಕಿ' ಅನ್ನೋದನ್ನ ಒತ್ತಿ ಒತ್ತಿ ಎರಡು ಸಲ ತಿದ್ದಿದಾರೆ. ಸ್ವಲ್ಪ ಹೊತ್ತು ಏನೂ ಮಾತಾಡಕ್ಕಾಗ್ಲಿಲ್ಲ.

ಮೇಸ್ತ್ರಿ ಪಕ್ಕಕ್ಕೆ ಬಂದು ಕೈ ಎತ್ತಿದ್ರು. ನನ್ನ ಮುಖ ನೋಡಿ ಇಳಿಸಿದ್ರು. ಬಗ್ಗಿ ಪೂರ್ತಿ ಓದಿ 'ಇದು ವಸೂಲಾಗಿದ್ರೆ ಬೆಲ್ಲದ ಖರ್ಚಾದ್ರೂ ಕಳೀತಿತ್ತಲ್ಲ ಸಾರ್' ಅಂದ್ರು.