ಸತ್ಯಾಂಶ: ಭಾಷಣದಲ್ಲಿ ಪದಗಳ ಪಾಲು ಬರೀ ಶೇ 7?

"ವೇದಿಕೆ ಮೇಲೆ ಪದಗಳ ಪ್ರಭಾವ ಶೇ 7 ಮಾತ್ರ. ದನಿ ಶೇ 38, ಹಾವಭಾವ ಶೇ 55." ದಾವಣಗೆರೆಯ ನಮ್ಮ ವಾಟ್ಸಾಪ್ ಗುಂಪಿಗೆ ಇದು ಮತ್ತೆ ಬಂದಿದೆ.

ಅಂಕಿ ಕಟ್ಟುಕಥೆಯಲ್ಲ, ಬಳಸಿದ ಜಾಗ ತಪ್ಪು. 1967ರಲ್ಲಿ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಜೊತೆಗಾರರು ಎರಡು ಪುಟ್ಟ ಪ್ರಯೋಗ ಪ್ರಕಟಿಸಿದರು. ಅಲ್ಲಿ ಭಾಷಣವೇ ಇರಲಿಲ್ಲ, ಬಿಡಿ ಪದಗಳಿದ್ದವು. ಒಂದರಲ್ಲಂತೂ 'ಮೇಬಿ' ಅನ್ನುವ ಒಂದೇ ಪದ, ನಮ್ಮ 'ಇರಬಹುದು' ಇದ್ದ ಹಾಗೆ. ಅದನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರ ಮನಸ್ಸಲ್ಲಿ ಇಷ್ಟವಿದೆಯೋ ಇಲ್ಲವೋ ಊಹಿಸಿ ಅಂದರು. ಎರಡೂ ಪ್ರಯೋಗ ಕೂಡಿಸಿ ಬಂದ ಲೆಕ್ಕ ಇದು. ಭಾವನೆ, ಇಷ್ಟಾನಿಷ್ಟದ ಮಾತಿಗಷ್ಟೇ ಇದು ಹೊಂದುತ್ತದೆ ಅಂತ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ಬಂದಿಲ್ಲ ಅಂತ ಸಭೆಯಲ್ಲಿ ರೈತರೊಬ್ಬರು ಎದ್ದು ನಿಂತರು ಅನ್ನಿ. ಎಷ್ಟು ದಿನ ಬರಲಿಲ್ಲ, ಎಷ್ಟು ಎಕರೆ ಭತ್ತ ಒಣಗಿತು ಎಲ್ಲ ಪದದಲ್ಲೇ ಇರೋದು, ಅಲ್ವಾ? ಸುಮ್ನೆ ಕೈ ಬೀಸಿದರೆ ಎಕರೆ ಗೊತ್ತಾಗುವುದಿಲ್ಲ. ಹಾಗಂತ ದನಿ ಬೇಡ ಅಂತಲ್ಲ. ನಿಧಾನವಾಗಿ ಮಾತಾಡಿ, ಅಂಕಿ ಹೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಮಾತು ನಿಲ್ಲಿಸಿದರೆ ಹಿಂದಿನ ಸಾಲಿಗೂ ಮುಟ್ಟುತ್ತದೆ. ಕೂಗುವುದಕ್ಕೆ ಮೈಕ್ ಇದ್ದೇ ಇದೆ.