ಚೈನ್ ತರಿಸಿ ಕಲಿತದ್ದು

ಬೈಕಿನ ಬಿಡಿಭಾಗ ಹೊರದೇಶದಿಂದ ತರಿಸಿದರೇ ಅಗ್ಗ ಅಂತ ಬರೆದಿದ್ದೀರಿ. ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ನೋಡಿದ್ದೀರಾ? ನಾನೂ ಒಮ್ಮೆ ಚೈನ್ ತರಿಸಿದ್ದೆ. ನನಗೆ ಬೇಕಿದ್ದದ್ದು 520 ಸೈಜಿನದು, ಬಂದದ್ದು 525. ಎರಡರ ಪಿಚ್ಚೂ (ಚೈನಿನ ಪಕ್ಕಪಕ್ಕದ ಪಿನ್‌ಗಳ ನಡುವಿನ ಅಂತರ) ಒಂದೇ, 15.875 ಮಿ.ಮೀ. ಹಾಗಾಗಿ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಲ್ಲಿನ ಮೇಲೆ ಚೆನ್ನಾಗಿಯೇ ಕೂತಿತು! ಆದರೆ 525ಕ್ಕೆ ಒಳಗಿನ ಅಗಲ ಜಾಸ್ತಿ. ಬೆರಳಲ್ಲಿ ತಳ್ಳಿದರೆ ಆಚೀಚೆ ಆಡುತ್ತಿತ್ತು. ವಾಪಸ್ ಕಳಿಸಲು ಹೆಚ್ಚುಕಮ್ಮಿ ಚೈನಿನಷ್ಟೇ ಖರ್ಚು, ಸುಮ್ನೆ ಮೂಲೆಯಲ್ಲಿ ಬಿದ್ದಿದೆ. ಬ್ರೇಕ್ ಪ್ಯಾಡ್, ಕೇಬಲ್ ಹತ್ತಿರದಲ್ಲೇ ಕೊಂಡರೆ ಹಳೆಯದನ್ನು ಪಕ್ಕದಲ್ಲಿಟ್ಟು ನೋಡಬಹುದು ಅಲ್ವಾ? ತಯಾರಿಕೆ ನಿಂತುಹೋದ ಬೈಕಿನ ಕಾರ್ಬುರೇಟರ್ ಭಾಗವಾದರೆ ಬೇರೆ ಮಾತು. ಅದನ್ನು ನಾನೂ ಹೊರಗಿನಿಂದಲೇ ತರಿಸುತ್ತೇನೆ, ಪಾರ್ಟ್ ನಂಬರ್ ಎರಡೆರಡು ಸಲ ನೋಡಿಕೊಂಡು.